ಮೊದಲು ಊರು ಹೇಳಿ, ಆಮೇಲೆ ವಿಷಯ

(ತುಮಕೂರಿನ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕ, ನನ್ನ ಬಿ.ಎ. ಮುಗಿದಿದೆ. 112ಕ್ಕೆ ಬರುವ ತುರ್ತು ಕರೆ ತೆಗೆಯುವ ಕೆಲಸಕ್ಕೆ ಬೆಂಗಳೂರಿಗೆ ಕರೆದಿದ್ದಾರೆ. ಅಮ್ಮ ಬೇಡ ಅಂತಾರೆ. "ದಿನಾ ಯಾರ್ ಯಾರದೋ ಗೋಳು ಕೇಳ್ಕೊಂಡು ಕೂತ್ರೆ ನಿನ್ನ ತಲೆ ಕೆಡುತ್ತೆ" ಅಂತ ಅವರ ವಾದ. ಫೋನಲ್ಲಿ ಮಾತಾಡೋದು ತಾನೆ, ಅಷ್ಟು ಕಷ್ಟವಾ? – ಗುಬ್ಬಿ ತಾಲ್ಲೂಕಿನ ಓದುಗಿ

ಉತ್ತರ: ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ ಕಣಮ್ಮ. ಆದರೆ ಅವರು ಹೆದರುತ್ತಿರುವುದು ಅಳುವ ದನಿಗೆ. ಅದು ಬೇಗ ಅಭ್ಯಾಸವಾಗುತ್ತೆ. ಕಷ್ಟ ಇರುವುದು ಊರು ಕಂಡುಹಿಡಿಯುವುದರಲ್ಲಿ.

ಇಲ್ಲಿ ಕೆಲಸ ಎರಡು ಥರ. ಒಬ್ಬರು ಕರೆ ತೆಗೆದು, ಕೇಳಿ, ಟೈಪ್ ಮಾಡುತ್ತಾರೆ. ಅದು ಬೆಂಗಳೂರಿನಲ್ಲಿ ಆಗುತ್ತೆ, ನೀನು ಕೂರುವುದು ಅಲ್ಲೇ. ಅವರು ಬರೆದದ್ದು ಜಿಲ್ಲೆಯ ಕಂಟ್ರೋಲ್ ರೂಮಿನ ಪರದೆಗೆ ಬರುತ್ತೆ. ಅಲ್ಲಿ ಕೂತವರು ಯಾವ ಗಾಡಿ ಹತ್ತಿರ ಇದೆ ನೋಡಿ ಕಳಿಸುತ್ತಾರೆ. ನಾನಿದ್ದದ್ದು ಈ ಎರಡನೇ ಕಡೆ. ಹಿಂದೆ 100 ಮಾತ್ರ ಇದ್ದಾಗ ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ವೈರ್‌ಲೆಸ್ ಮೈಕು, ಎರಡೂ ನಾವೇ.

ನಮ್ಮ ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಗೊಲ್ಲರಹಟ್ಟಿ ಎಲ್ಲಿಲ್ಲ ಹೇಳು? ಶಿರಾದಲ್ಲೂ ಇದೆ, ಚಿಕ್ಕನಾಯಕನಹಳ್ಳಿಯಲ್ಲೂ ಇದೆ. ಹೊಸಹಳ್ಳಿ, ಪಾಳ್ಯದ ಕಥೆಯೂ ಅಷ್ಟೇ. ಫೋನ್ ಮಾಡಿದವರಿಗೆ ಅವರ ಊರು ಇಡೀ ಲೋಕಕ್ಕೇ ಗೊತ್ತಿರುತ್ತೆ. "ಇಲ್ಲೇ ಸಾರ್, ಅರಳೀಮರದ ಹತ್ರ, ಬೇಗ ಕಳಿಸಿ" ಅಂತ ಇಟ್ಟುಬಿಡುತ್ತಾರೆ. ಯಾವ ಅರಳೀಮರ? ನನ್ನನ್ನು ಮಹಿಳೆ ಅಂತ ತಿಳಿಯದೆ ಎಲ್ಲರೂ ಸಾರ್ ಅನ್ನುತ್ತಿದ್ದರು, ಅದು ಬೇರೆ ಮಾತು.

ಹೋಬಳಿ ಯಾವುದು ಅಂತ ಕೇಳಿದರೆ ಗಾಬರಿಯಲ್ಲಿರುವವರಿಗೆ ಹೊಳೆಯುವುದಿಲ್ಲ. "ಸಂತೆಗೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳು, ತಕ್ಷಣ ಹೇಳುತ್ತಾರೆ. "ನಿಮ್ಮೂರಿಗೆ ಬಸ್ಸು ಎಲ್ಲಿಂದ ಬರುತ್ತೆ?" ಅಂದರೂ ಸಾಕು. ಗುಬ್ಬಿಯಿಂದ ಬರುತ್ತಾ, ಕಳ್ಳಂಬೆಳ್ಳ ಕಡೆಯಿಂದ ಬರುತ್ತಾ ಅನ್ನುವುದರಲ್ಲೇ ಅರ್ಧ ದಾರಿ ಸಿಕ್ಕಿರುತ್ತೆ. ಹೊರಗಿನವರು ಫೋನ್ ಮಾಡಿದ್ದರೆ ಎದುರಿಗಿರುವ ಅಂಗಡಿಯ ಬೋರ್ಡು ಓದಿಸು. ಬೋರ್ಡಿನ ಕೆಳಗೆ ಊರಿನ ಹೆಸರು ಇದ್ದೇ ಇರುತ್ತೆ.

"ಸಮಾಧಾನ ಮಾಡ್ಕೊಳ್ಳಿ" ಅಂತ ಮಾತ್ರ ಹೇಳಬೇಡ. ಅದರಿಂದ ಯಾರಿಗೂ ಸಮಾಧಾನ ಆಗಿದ್ದನ್ನು ನಾನು ಕಾಣೆ. ಕೆಲಸ ಕೊಡು. ಗೇಟು ತೆಗೀರಿ, ಹೊರಗಿನ ಲೈಟು ಹಾಕಿ, ಒಬ್ಬ ಹುಡುಗನನ್ನ ರಸ್ತೆಗೆ ಕಳಿಸಿ. ಕೈಗೆ ಕೆಲಸ ಸಿಕ್ಕ ಕೂಡಲೇ ದನಿ ತಾನಾಗಿ ಇಳಿಯುತ್ತೆ.

ಇನ್ನು ಅಮ್ಮನ ಮಾತಿನ ನಿಜವಾದ ಅರ್ಧ. ಕೊನೆಗೆ ಏನಾಯಿತು ಅಂತ ನಿನಗೆ ಗೊತ್ತಾಗುವುದಿಲ್ಲ. ಗಾಡಿ ತಲುಪಿತು ಅಂತ ಪರದೆ ಮೇಲೆ ಬಂದರೆ ನಿನ್ನ ಪಾಲಿಗೆ ಮುಗಿಯಿತು, ಮುಂದಿನ ಕರೆ ಬಂದಿರುತ್ತೆ. ಆ ಹೆಂಗಸು ಬದುಕಿದಳಾ? ಬಾವಿಗೆ ಬಿದ್ದ ಮಗು? ನಾನು ಬೆಳಿಗ್ಗೆ ಪೇಪರಿನ ಜಿಲ್ಲಾ ಪುಟ ಹುಡುಕುತ್ತಿದ್ದೆ. ಸುದ್ದಿ ಬಂದಿಲ್ಲ ಅಂದರೆ ಒಳ್ಳೆಯದೇ ಆಗಿರಬೇಕು ಅಂತ ನನ್ನ ಲೆಕ್ಕ. ಇದನ್ನು ತಡೆಯುವ ಮನಸ್ಸಿದ್ದರೆ ಸೇರಿಕೋ. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗಲು ಒಂದು ಕತ್ತಲ ರೂಮು ಮಾಡಿಕೋ. ಒಂದಷ್ಟು ತೆಲುಗೂ ಕಲಿ. ಪಾವಗಡದ ಕಡೆಯ ಅಜ್ಜಿಯರು ಗಾಬರಿಯಾದರೆ ಕನ್ನಡ ಮರೆಯುತ್ತಾರೆ.

ಪ್ರಶ್ನೆ: ಪಕ್ಕದ ಮನೆಯಲ್ಲಿ ಹೊಡೆದಾಟ ಅಂತ 112ಕ್ಕೆ ಮಾಡಿದೆ. ಗಾಡಿ ಕಳಿಸುವುದು ಬಿಟ್ಟು ಎಷ್ಟು ಜನ, ಕೈಯಲ್ಲಿ ಏನಿದೆ, ಕುಡಿದಿದ್ದಾರಾ ಅಂತ ಕೇಳುತ್ತಾ ಕೂತರು. ಇದು ಸರೀನಾ? – ಶಿರಾದ ಓದುಗರು

ಉತ್ತರ: ಕೋಪ ಬರುವಂಥದ್ದೇ. ಆದರೆ ಜಾಗ ಗೊತ್ತಾದ ಮೇಲೆ ನಿಮ್ಮ ಮಾತು ಮುಗಿಯಲಿ ಅಂತ ಗಾಡಿ ಕಾಯಬೇಕಿಲ್ಲ. ಉಳಿದ ಪ್ರಶ್ನೆಗಳು ಆ ಗಾಡಿಯಲ್ಲಿ ಇರುವವರಿಗಾಗಿ. ಬಾಯಿ ಜಗಳವೋ, ಮಚ್ಚು ಹಿಡಿದಿದ್ದಾರೋ ಅಂತ ಗೊತ್ತಿಲ್ಲದೆ ಒಳಗೆ ನುಗ್ಗಿದರೆ ಪೆಟ್ಟು ಬೀಳುವುದು ಅವರಿಗೆ.

"ಫೋನ್ ಮಾಡಿದರೆ ಜಾಗ ಅವರಿಗೇ ಕಾಣುತ್ತಲ್ಲ" ಅಂತಲೂ ಬರೆದಿದ್ದೀರಿ. ಜಿಪಿಎಸ್ ಸಿಕ್ಕಿದರೆ ಹತ್ತಿರ ಹತ್ತಿರ ಕಾಣುತ್ತೆ. ಬರೀ ಟವರ್ ಲೆಕ್ಕವಾದರೆ, ಹಳ್ಳಿ ಕಡೆ ಟವರುಗಳು ದೂರ ದೂರ, ಕಿಲೋಮೀಟರುಗಟ್ಟಲೆ ಆಚೀಚೆ ಆಗುತ್ತೆ. ಪಾವಗಡ ಗಡಿಯಲ್ಲಂತೂ ಆಂಧ್ರದ ಟವರ್ ಹಿಡಿದರೆ ಕರೆ ಆ ಕಡೆಗೇ ಹೋಗಬಹುದು. ಹಾಗಾದರೆ ಕರ್ನಾಟಕ, ತುಮಕೂರು ಜಿಲ್ಲೆ ಅಂತ ಮೊದಲೇ ಹೇಳಿ.

ಪ್ರಶ್ನೆ: ಹೈವೇಯಲ್ಲಿ ಅಪಘಾತ ಕಂಡರೆ ಫೋನ್ ಮಾಡಲು ಭಯ, ಕೋರ್ಟಿಗೆ ಅಲೆಸುತ್ತಾರೆ ಅಂತ. ಜಾಗ ಹೇಗೆ ಹೇಳುವುದು ಅಂತಲೂ ಗೊತ್ತಾಗಲ್ಲ. – ಕ್ಯಾತ್ಸಂದ್ರದ ಲಾರಿ ಚಾಲಕರು

ಉತ್ತರ: ಜಾಗ ಸುಲಭ. ಮೇಲೆ ಹಳದಿ ಬಣ್ಣ ಬಳಿದ ಕಿಲೋಮೀಟರ್ ಕಲ್ಲು ನೋಡಿ ನಂಬರ್ ಹೇಳಿ. ಹಸಿರು ಇದ್ದರೆ ಅದು ರಾಜ್ಯ ಹೆದ್ದಾರಿ. ಹಳದಿ ಅಂದರೆ ರಾಷ್ಟ್ರೀಯ ಹೆದ್ದಾರಿ: ಕುಣಿಗಲ್ ಕಡೆಯದು 75, ಶಿರಾ ಕಡೆಯದು 48. ಮುಖ್ಯವಾಗಿ ಬೆಂಗಳೂರಿಗೆ ಹೋಗುವ ಬದಿಯೋ, ಬರುವ ಬದಿಯೋ ಹೇಳಿ. ಮಧ್ಯೆ ಡಿವೈಡರ್ ಇದೆ. ತಪ್ಪು ಬದಿಗೆ ಬಂದ ಆಂಬುಲೆನ್ಸು ಗಾಯಾಳುವನ್ನು ಕಣ್ಣಿಗೆ ಕಂಡೂ ಯು ಟರ್ನ್ ಹುಡುಕಿಕೊಂಡು ಹೋಗಬೇಕಾಗುತ್ತೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೂ ಮಾಡಬಹುದು.

ಭಯದ ವಿಷಯ: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೇರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ನಿಮ್ಮ ಲಾರಿಯೇ ಗುದ್ದಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ, ಗೊತ್ತಲ್ಲ.

ಪ್ರಶ್ನೆ: ಮೊಮ್ಮಗ ಫೋನಲ್ಲಿ ಆಡುತ್ತಾ 112ಕ್ಕೆ ಕರೆ ಹಚ್ಚಿಬಿಟ್ಟ. ಹೆದರಿ ಕಟ್ ಮಾಡಿದೆ. ದಂಡ ಹಾಕ್ತಾರಾ? – ತಿಪಟೂರಿನ ಅಜ್ಜಿ

ಉತ್ತರ: ಮಗು ಒತ್ತಿದ್ದಕ್ಕೆ ಯಾರೂ ದಂಡ ಹಾಕಲ್ಲ ಅಜ್ಜಿ. ಪವರ್ ಬಟನ್ ಬೇಗ ಬೇಗ ಒತ್ತಿದರೆ, ಹಳೆಯ ಕೀಪ್ಯಾಡ್ ಫೋನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ಹೋಗುತ್ತೆ. ಕಟ್ ಮಾಡಬೇಡಿ. "ತಪ್ಪಿ ಬಂತು" ಅಂತ ಒಂದು ಮಾತು ಹೇಳಿ. ಸುಮ್ನೆ ಕಟ್ ಆದರೆ ಯಾರಿಗೋ ಮಾತಾಡಲು ಆಗುತ್ತಿಲ್ಲ ಅಂತ ತಿಳಿದು ವಾಪಸ್ ಫೋನ್ ಮಾಡುತ್ತಾರೆ.

ಪ್ರಶ್ನೆ: ನಮ್ಮದು ತೋಟದ ಮನೆ. ಆಂಬುಲೆನ್ಸ್ ಬರುವುದು ತಡ. ಅಲ್ಲಿಯವರೆಗೆ ಏನು ಮಾಡಬೇಕು? – ಕೊರಟಗೆರೆಯ ರೈತರು

ಉತ್ತರ: ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ. ಕಾಲುಂಗುರ, ಬಳೆ ತೆಗೆದುಬಿಡಿ, ಊದಿಕೊಂಡ ಮೇಲೆ ಬರುವುದಿಲ್ಲ. ಕಚ್ಚಿದ ಕೈ ಕಾಲು ಆಡಿಸದೆ ಮಲಗಿಸಿ. ಬೆಳೆಗೆ ಹೊಡೆಯುವ ಔಷಧಿ ಕುಡಿದವರಿಗೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಮಾತ್ರ ಜೊತೆಗೆ ಕೊಟ್ಟು ಕಳಿಸಿ, ಡಾಕ್ಟರು ಕೇಳುತ್ತಾರೆ. ಪಂಪ್‌ಸೆಟ್ ಹತ್ತಿರ ಕರೆಂಟ್ ಹೊಡೆದರೆ ಮೇನ್ ಆಫ್ ಮಾಡುವವರೆಗೆ ಮುಟ್ಟಬೇಡಿ. ಲೈನೇ ಕೆಳಗೆ ಬಿದ್ದಿದ್ದರೆ ದೂರ ನಿಂತು ಬೆಸ್ಕಾಂನ 1912ಕ್ಕೂ ಹೇಳಿ.

ಮತ್ತೆ, 108ಕ್ಕೆ ಮಾಡಿದ ಫೋನಿನಿಂದಲೇ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತಾ ಕೂರಬೇಡಿ. ಡ್ರೈವರು ದಾರಿ ಕೇಳುವುದು ಅದೇ ನಂಬರಿಗೆ. ಅಳಿಯಂದಿರಿಗೆ ಹೇಳಲು ಮನೆಯಲ್ಲಿ ಇನ್ನೊಂದು ಫೋನ್ ಇದ್ದೇ ಇರುತ್ತಲ್ಲ.