ಜಗುಲಿಯ ಮಾತು ಮೊಬೈಲಿಗೆ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಆಯ್ದುಕೊಂಡ ನಾಲ್ಕು ಪತ್ರಗಳಲ್ಲಿ ಎರಡು ಘಟ್ಟದ ಮೇಲಿನವು, ಎರಡು ಘಟ್ಟದ ಕೆಳಗಿನವು. ರಾಜಕೀಯ, ಪ್ರೀತಿ, ಹಾಡು, ದೇವರು ಎಂದು ವಿಷಯಗಳು ಬೇರೆಯಾದರೂ ಎಲ್ಲರ ತೊಡಕು ಶುರುವಾಗಿರುವುದು ಹೊತ್ತು ಹೋಗಲೆಂದು ಆಡಿದ ಹರಟೆಯಿಂದಲೇ ಆದ್ದರಿಂದ, ನಾಲ್ಕನ್ನೂ ಒಟ್ಟಿಗೆ ಇಟ್ಟಿದ್ದೇನೆ. ಪತ್ರ ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಮೂಲಮನೆ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿದೆ, ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಕುಟುಂಬದ ನಲವತ್ತು ಜನರ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ನನ್ನ ಸೋದರಮಾವ ದಿನವೂ ಬೆಳಿಗ್ಗೆ ರಾಜಕೀಯದ ಸಂದೇಶಗಳನ್ನು ಹಾಕುತ್ತಾರೆ. ಚುನಾವಣೆಯ ಹೊತ್ತಿನಲ್ಲಿ ಅವರು ಹಾಕಿದ ಒಂದು ವಿಡಿಯೊ ಬೇರೆ ರಾಜ್ಯದ ಹಳೆಯ ಘಟನೆಯದೆಂದು ನಾನು ಗುಂಪಿನಲ್ಲೇ ಬರೆದೆ. ಅವರು “ಹಾಗಾದರೆ ನಿನ್ನ ಮತ ಯಾರಿಗೆ, ಎಲ್ಲರೆದುರು ಹೇಳು” ಎಂದರು. ನಾನು ಉತ್ತರಿಸದಿದ್ದಾಗ ಗುಂಪು ಬಿಟ್ಟರು. ಮೊನ್ನೆ ಉಪನಯನದ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲಿಲ್ಲ. ತಪ್ಪು ನನ್ನದೇ? ಇಂಥ ಸಂದೇಶಗಳಿಗೆ ಅಡ್ಮಿನ್ ಆದ ನಾನು ಹೊಣೆಯಾಗುತ್ತೇನೆಯೇ?

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಗುಂಪಿನ ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಇನ್ನೊಬ್ಬನನ್ನು ಅಪರಾಧಿಯನ್ನಾಗಿ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ ಕೇರಳ ಹೈಕೋರ್ಟು 2022ರಲ್ಲಿಯೂ ಹೇಳಿವೆ. ಎರಡೂ ನಮ್ಮ ರಾಜ್ಯದ ಹೈಕೋರ್ಟಿನ ತೀರ್ಪುಗಳಲ್ಲ ಎಂಬುದು ನೆನಪಿರಲಿ. ಅಡ್ಮಿನ್ ತಾನೂ ಆ ಕೃತ್ಯದಲ್ಲಿ ಕೈಜೋಡಿಸಿದ್ದರೆ ಮಾತು ಬೇರೆಯಾಗುತ್ತದೆ. ಮಾವನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಉಳಿದದ್ದು ಸರಿಯಾಗಿಯೇ ಇದೆ. ತಾನು ಯಾರಿಗೆ ಮತ ಹಾಕಿದೆನೆಂದು ಹೇಳುವಂತೆ ಯಾರನ್ನೂ ಒತ್ತಾಯಿಸಲಾಗದು ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮು ಹೇಳುತ್ತದೆ. ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತವನಿಗೂ ಇರುವ ಈ ರಕ್ಷಣೆ ವಾಟ್ಸಾಪ್ ಗುಂಪಿನಲ್ಲಿ ಕೂತ ಅಳಿಯನಿಗೂ ಇರಬೇಕಾದದ್ದೇ. ಆದರೆ ಕಲಮಿನ ಸಂಖ್ಯೆಯನ್ನು ದಯವಿಟ್ಟು ಮಾವನವರಿಗೆ ಬರೆದು ಕಳುಹಿಸಬೇಡಿ.

ಇನ್ನು ತಪ್ಪಿನ ಮಾತು. ವಿಡಿಯೊ ಹಳೆಯದೆಂದು ಹೇಳಿದ್ದರಲ್ಲಿ ತಪ್ಪಿಲ್ಲ, ಹೇಳಿದ ಜಾಗದಲ್ಲಿ ತಪ್ಪಿದೆ. ಸೊಸೆಯಂದಿರು, ಮೊಮ್ಮಕ್ಕಳು, ಹೊಸದಾಗಿ ಬೀಗರಾದವರು ಎಲ್ಲರೂ ನೋಡುತ್ತಿರುವಾಗ ಮನೆಯ ಹಿರಿಯರೊಬ್ಬರಿಗೆ ನೀವು ಹೇಳಿದ್ದು ಸುಳ್ಳು ಎಂದರೆ, ಅವರ ಕಿವಿಗೆ ಬೀಳುವುದು ವಿಡಿಯೊದ ವಿಷಯವಲ್ಲ, ತನ್ನ ಮರ್ಯಾದೆಯ ವಿಷಯ. ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ವಾಟ್ಸಾಪಿನಲ್ಲಿ ಎರಡು ಬಾಣಗಳ ಗುರುತು ಇರುತ್ತದೆ. 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಲು ಸಾಧ್ಯವಾಗುವಂತೆ ಮಿತಿಯನ್ನೂ ಹಾಕಲಾಗಿದೆ. ಫೋನು ಮಾಡಿ, ಆ ಗುರುತಿನ ಅರ್ಥವನ್ನು ಅವರಿಗೆ ಹೇಳಿಕೊಡಿ. ಎರಡು ಬಾಣವಿದ್ದರೆ ಸಂದೇಶ ಮಾಡಿದವರು ಯಾರೋ ದೂರದವರು ಎಂದಾಗುತ್ತದೆ, ಅದನ್ನು ಒಪ್ಪಿಕೊಳ್ಳುವುದರಲ್ಲಿ ಮಾವನವರಿಗೆ ಸೋಲೂ ಇರುವುದಿಲ್ಲ.

ನೀವು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಸೀಮೆಯವರಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೃಷ್ಣನ ಅರ್ಥ ಹೇಳುವವರು, ಅಂದರೆ ಕೃಷ್ಣನಾಗಿ ಮಾತಾಡುವ ಅರ್ಥಧಾರಿಗಳು, ಎಷ್ಟೇ ಚೆನ್ನಾಗಿ ವಾದಿಸಲಿ, ಕೌರವ ಐದು ಊರನ್ನು ಕೊಡುವುದಿಲ್ಲ. ಕೌರವನ ಅರ್ಥಧಾರಿ ಎಷ್ಟೇ ಗಟ್ಟಿಗನಾಗಿರಲಿ, ಯುದ್ಧ ತಪ್ಪುವುದಿಲ್ಲ. ಕಥೆಯ ಕೊನೆ ಮೊದಲೇ ಎಲ್ಲರಿಗೂ ಗೊತ್ತಿರುವುದರಿಂದಲೇ ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಅದರ ಒಂದು ಎಳೆಯನ್ನು ಹಿಡಿದು, ಅದಕ್ಕೇ ಉತ್ತರ ಕಟ್ಟುವ ವ್ಯವಧಾನ ಆ ಕಲೆಯಲ್ಲಿ ಬೆಳೆದಿದೆ. ಎದುರಿನವರ ಮಾತನ್ನು ನಡುವೆ ತುಂಡರಿಸುವ ಅರ್ಥಧಾರಿಯನ್ನು ನಮ್ಮ ಕಡೆಯ ಕೇಳುಗರು ಮೆಚ್ಚಿದ್ದನ್ನು ನಾನಂತೂ ಕಾಣೆ. ನಿಮ್ಮ ಮಾವನವರ ಮತವೂ ನಿಮ್ಮ ಮತವೂ ಪ್ರಸಂಗದ ಕೊನೆಯ ಹಾಗೆ ಹೆಚ್ಚುಕಡಿಮೆ ನಿಶ್ಚಯವಾಗಿರುವಂಥವು. ಹಾಗಿದ್ದ ಮೇಲೆ ಗೆಲ್ಲುವ ಆತುರವನ್ನು ಬಿಟ್ಟು, ಅವರಿಗೆ ಆ ಪಕ್ಷ ಏಕೆ ಹಿಡಿಸಿತು ಎಂದು ಒಮ್ಮೆ ಕೇಳಿ ನೋಡಿ. ಅಡಕೆಯ ಧಾರಣೆಯೋ, ಬೆಟ್ಟಭೂಮಿಯ ಹಕ್ಕೋ, ಇಪ್ಪತ್ತು ವರ್ಷದ ಹಿಂದೆ ಯಾವುದೋ ಕಚೇರಿಯಲ್ಲಿ ಆದ ಅವಮಾನವೋ, ಅಲ್ಲಿ ವಿಡಿಯೊಗಿಂತ ಹೆಚ್ಚಿನ ಸಂಗತಿ ಸಿಕ್ಕೀತು.

ಇದೆಲ್ಲ ಮೊಬೈಲು ತಂದಿಟ್ಟ ಕೇಡು ಎಂದು ಹೇಳುವವರಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳೆಯ ಜಗಳಗಳನ್ನು ನೆನಪಿಸಬೇಕಾಗುತ್ತದೆ. ಕೈಗಾ ಅಣುಸ್ಥಾವರದ ವಿಚಾರದಲ್ಲಿ, 1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನು ಹಿಡಿದು ಇಲ್ಲಿಂದಲೇ ನಿಂತು ಸೋತ ದಿನಗಳಲ್ಲಿ, ನಮ್ಮ ಮನೆಯ ಜಗುಲಿಯಲ್ಲಿ ಅಪ್ಪನೂ ಚಿಕ್ಕಪ್ಪನೂ ಕವಳದ (ಎಲೆಯಡಕೆಯ) ತಟ್ಟೆಯನ್ನು ನಡುವೆ ಇಟ್ಟುಕೊಂಡು ಗಂಟೆಗಟ್ಟಲೆ ಕೂಗಾಡುತ್ತಿದ್ದರು. ಒಬ್ಬರಿಗೆ ಉದ್ಯೋಗದ ಆಸೆ, ಇನ್ನೊಬ್ಬರಿಗೆ ಕಾಳಿ ನದಿಯ ಚಿಂತೆ. ಆದರೆ ಎಲೆಗೆ ಸುಣ್ಣ ಹಚ್ಚಬೇಕಾದರೆ ತಟ್ಟೆಯನ್ನು ದಾಟಿಸಲೇಬೇಕಿತ್ತು, ದಾಟಿಸುವಾಗ ಮುಖ ನೋಡಲೇಬೇಕಿತ್ತು. ಗುಂಪನ್ನು ಬಿಟ್ಟುಹೋಗುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಜಗುಲಿಯನ್ನು ಬಿಟ್ಟು ಎದ್ದುಹೋಗುವುದು ಅಷ್ಟು ಸುಲಭವಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವರ ಮನೆಗೆ ಹೋಗಿ, ಆಸರಿಗೆ (ಬಂದವರಿಗೆ ಕೊಡುವ ಪಾನೀಯ) ಕುಡಿದು ಬನ್ನಿ. ಗುಂಪಿಗೆ ಮತ್ತೆ ಸೇರಿಸುವ ಮಾತನ್ನು ಆ ದಿನ ಎತ್ತದಿರುವುದು ಒಳ್ಳೆಯದು.

ಪ್ರಶ್ನೆ: ನನಗೆ 27 ವರ್ಷ, ಕುಮಟಾದವಳು. ಕಾರವಾರದ ಒಬ್ಬರೊಡನೆ ಒಂದು ವರ್ಷದಿಂದ ದಿನವೂ ರಾತ್ರಿ ಮೆಸೇಜಿನಲ್ಲಿ ಮಾತಾಡುತ್ತಿದ್ದೇನೆ. ಹಾಡು, ರಾಜಕೀಯ, ದೇವರಿದ್ದಾನೋ ಇಲ್ಲವೋ ಎಂಬುದು, ಎಲ್ಲವನ್ನೂ ಅವರು ತುಂಬ ಚೆನ್ನಾಗಿ ಮಾತಾಡುತ್ತಾರೆ. ಆದರೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಮೂರು ಸಲ ಭೇಟಿಯಾದಾಗಲೂ ಹೆಚ್ಚು ಮಾತಾಡಲಿಲ್ಲ. ಯಾವ ಮನುಷ್ಯ ನಿಜ? ನಮ್ಮದು ಬೇರೆ ಬೇರೆ ಜಾತಿ. ನೋಂದಣಿ ಮದುವೆಯಾದರೆ ಕಚೇರಿಯಲ್ಲಿ ಹೆಸರು ಅಂಟಿಸುತ್ತಾರೆಂಬುದು ಹೌದೇ?

ಉತ್ತರ: ಇಬ್ಬರೂ ನಿಜ. ಬರೆಯುವಾಗ ಮನುಷ್ಯನಿಗೆ ಯೋಚಿಸಲು ಸಮಯವಿರುತ್ತದೆ, ಬರೆದದ್ದನ್ನು ಅಳಿಸಬಹುದು, ಬೇಸರವಾದ ದಿನ ನಿದ್ದೆ ಬಂತೆಂದು ಹೇಳಿ ತಪ್ಪಿಸಿಕೊಳ್ಳಬಹುದು. ಎದುರು ಕೂತಾಗ ಇದೊಂದೂ ಇರುವುದಿಲ್ಲ. ಅವರು ಎದುರಿನಲ್ಲಿ ಮೌನಿಯಾದದ್ದು ಸಂಕೋಚದಿಂದಲೂ ಇರಬಹುದು. ಕಡಲತೀರದಲ್ಲಿ ಪರಿಚಯದವರು ಯಾರಾದರೂ ಕಂಡಾರೆಂಬ ಅಂಜಿಕೆಯಿಂದಲೂ ಇರಬಹುದು. ಕಾರವಾರ ಅಷ್ಟು ದೊಡ್ಡ ಊರೇನಲ್ಲ. ನನಗೆ ಯೋಚನೆ ಹುಟ್ಟಿಸಿದ್ದು ಅವರ ಮೌನವಲ್ಲ, ನಿಮ್ಮ ಪತ್ರದಲ್ಲಿ ಇಲ್ಲದ ಸಂಗತಿಗಳು. ದೇವರ ಅಸ್ತಿತ್ವದ ಬಗ್ಗೆ ಅವರ ಅಭಿಪ್ರಾಯವನ್ನು ನೀವು ಅರ್ಧ ಪುಟ ಬರೆದಿದ್ದೀರಿ. ಅವರ ಮನೆಯಲ್ಲಿ ಯಾರು ಯಾರಿದ್ದಾರೆ, ಅವರಿಗೆ ಸಾಲವಿದೆಯೇ, ಸಿಟ್ಟು ಬಂದಾಗ ಹೇಗಿರುತ್ತಾರೆ, ತಾಯಿಯೊಡನೆ ಯಾವ ದನಿಯಲ್ಲಿ ಮಾತಾಡುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಅಭಿಪ್ರಾಯಗಳು ಹೊಂದಿಕೆಯಾದರೆ ಮನಸ್ಸು ಹೊಂದಿಕೆಯಾದಂತೆ ಎಂದು ಈಗಿನ ಯುವಕ ಯುವತಿಯರು ನಂಬಿದಂತೆ ಕಾಣುತ್ತದೆ. ನಾಸ್ತಿಕನೂ ಆಸ್ತಿಕಳೂ ಸುಖವಾಗಿ ಸಂಸಾರ ಮಾಡಿದ್ದನ್ನು ನಾನು ಕಂಡಿದ್ದೇನೆ, ಒಂದೇ ರಾಗಕ್ಕೆ ತಲೆದೂಗುವ ಇಬ್ಬರು ಒಂದು ವರ್ಷಕ್ಕೆ ಬೇರೆಯಾದದ್ದನ್ನೂ ಕಂಡಿದ್ದೇನೆ.

ಆದ್ದರಿಂದ ಇನ್ನು ಮೂರು ನಾಲ್ಕು ತಿಂಗಳು ಬರೆಯುವುದನ್ನು ಕಡಿಮೆ ಮಾಡಿ, ಭೇಟಿಯನ್ನು ಹೆಚ್ಚು ಮಾಡಿ. ಭೇಟಿಯೆಂದರೆ ಕಡಲನ್ನು ನೋಡುತ್ತ ಕೂರುವುದೊಂದೇ ಆಗಬಾರದು. ಬಸ್ಸಿಗೆ ಕಾಯುವುದು, ಪೇಟೆಯಲ್ಲಿ ಮೀನಿಗೆ ಚೌಕಾಸಿ ಮಾಡುವುದು, ಅವರ ಗೆಳೆಯರ ನಡುವೆ ಒಂದು ಸಂಜೆ ಕಳೆಯುವುದು, ಇಂಥ ಕಡೆ ಮನುಷ್ಯ ತಾನಾಗಿಯೇ ಕಾಣಿಸಿಕೊಳ್ಳುತ್ತಾನೆ. ಮನೆಯವರಿಗೆ ಅವರು ನಿಮ್ಮ ವಿಷಯ ಹೇಳಿದ್ದಾರೆಯೇ ಎಂಬುದನ್ನೂ ಮೆಸೇಜಿನಲ್ಲಿ ಕೇಳದೆ ಎದುರಿನಲ್ಲೇ ಕೇಳಿ.

ನೋಂದಣಿಯ ಮಾತು ಹೌದು. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚುತ್ತಾರೆ. 30 ದಿನಗಳಲ್ಲಿ ನ್ಯಾಯಸಮ್ಮತವಾದ ಆಕ್ಷೇಪಣೆ ಬಾರದಿದ್ದರೆ ಮೂವರು ಸಾಕ್ಷಿಗಳ ಎದುರು ಮದುವೆ ನಡೆಯುತ್ತದೆ. ಜಾತಿ ಬೇರೆ ಎಂಬುದು, ತಂದೆತಾಯಿಯರಿಗೆ ಒಪ್ಪಿಗೆಯಿಲ್ಲ ಎಂಬುದು ಕಾನೂನಿನ ದೃಷ್ಟಿಯಲ್ಲಿ ಆಕ್ಷೇಪಣೆಯೇ ಅಲ್ಲ. ಆದರೆ ಆ ಒಂದು ತಿಂಗಳಲ್ಲಿ ಹಚ್ಚಿದ ಕಾಗದವನ್ನು ಓದಿದವರು ಯಾರಾದರೂ ಕುಮಟಾಕ್ಕೆ ಸುದ್ದಿ ಮುಟ್ಟಿಸಿಯೇ ತೀರುತ್ತಾರೆಂದು ತಿಳಿಯಿರಿ. ನಿಮ್ಮ ಅಪ್ಪ ಅಮ್ಮನಿಗೆ ಆ ಸುದ್ದಿ ಅದಕ್ಕೂ ಮೊದಲು ನಿಮ್ಮ ಬಾಯಿಂದಲೇ ಹೋಗಲಿ.

ಪ್ರಶ್ನೆ: ನಾನು ಅಂಕೋಲಾ ಕಡೆಯ ಹಾಲಕ್ಕಿ ಹುಡುಗ, ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಗೆಳೆಯರು ರಾತ್ರಿ ಸಂಗೀತದ ಬಗ್ಗೆ ಮಾತಾಡುತ್ತಾರೆ: ಕೆಲವರಿಗೆ ಹಿಂದೂಸ್ತಾನಿ, ಕೆಲವರಿಗೆ ಇಂಗ್ಲಿಷ್ ಬ್ಯಾಂಡುಗಳು. ನಿಮ್ಮ ಮನೆಯಲ್ಲಿ ಏನು ಕೇಳುತ್ತೀರಿ ಎಂದಾಗ “ಸಿನಿಮಾ ಹಾಡು” ಎಂದು ಸುಳ್ಳು ಹೇಳಿದೆ. ನಮ್ಮಜ್ಜಿ ಹಾಡುತ್ತಾಳೆ, ಅದನ್ನು ಸಂಗೀತವೆಂದು ಹೇಳಲು ನಾಚಿಕೆಯಾಯಿತು. ಈಗ ಆ ನಾಚಿಕೆಗೇ ನಾಚಿಕೆಯಾಗುತ್ತಿದೆ.

ಉತ್ತರ: ನಿಮ್ಮ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಹಾಡುಗಳಿಗಾಗಿಯೇ. ಆದರೆ ಪ್ರಶಸ್ತಿಯನ್ನು ಹೇಳಿ ಗೆಳೆಯರ ಬಾಯಿ ಮುಚ್ಚಿಸಿದರೆ ಅದೂ ಇನ್ನೊಂದು ಬಗೆಯ ಸುಳ್ಳೇ ಆದೀತು. ಪ್ರಶಸ್ತಿ ಬಾರದ ನಿಮ್ಮಜ್ಜಿಯ ಹಾಡಿಗೆ ಬೆಲೆಯಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತದೆ. ಹಾಸ್ಟೆಲಿನ ರಾತ್ರಿಗಳಲ್ಲಿ ಸಂಗೀತದ ಮಾತು ಬಂದರೆ ಹುಡುಗರು ಅರ್ಧ ಹೊತ್ತು ಹಾಡಿನ ಬಗ್ಗೆ ಮಾತಾಡುತ್ತಾರೆ, ಉಳಿದರ್ಧ ತಾವು ಯಾರೆಂದು ತೋರಿಸಿಕೊಳ್ಳುತ್ತಾರೆ. ವಿಲಂಬಿತ, ದ್ರುತ್ ಎಂದು ಮಾತಾಡುವ ಎಲ್ಲರೂ ನಿಧಾನಗತಿಯಲ್ಲಿ ದೀರ್ಘವಾಗಿ ಹಾಡುವ ಒಂದು ಬಡಾ ಖ್ಯಾಲನ್ನು ಕೊನೆಯವರೆಗೆ ಕೂತು ಕೇಳಿದವರೇ ಎಂಬುದರಲ್ಲಿ ನನಗೆ ಅನುಮಾನವಿದೆ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ, ಅವಳು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಹಾಡಿನ ಜೊತೆಗೆ ಅದು ನಾಟಿಯದೋ, ಮದುವೆಯದೋ, ಸುಗ್ಗಿಯದೋ, ಯಾರಿಂದ ಕಲಿತದ್ದು, ಯಾವ ಪದದ ಅರ್ಥವೇನು ಎಂಬುದನ್ನೂ ಅವಳ ಬಾಯಲ್ಲೇ ಹೇಳಿಸಿ. ಇಲ್ಲವಾದರೆ ಹತ್ತು ವರ್ಷದ ಮೇಲೆ ದನಿ ಉಳಿದಿರುತ್ತದೆ, ಅರ್ಥ ಉಳಿದಿರುವುದಿಲ್ಲ. ಅವಳನ್ನು ಕೇಳದೆ ಇಂಟರ್ನೆಟ್ಟಿಗೆ ಏರಿಸಬೇಡಿ. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತಕ್ಕೆ ತಲೆಯ ಮೇಲೆ ತುರಾಯಿ ಕಟ್ಟುವುದು ನಿಮ್ಮ ಕೇರಿಯಲ್ಲಿ ಇನ್ನೂ ಇದ್ದರೆ, ಗೆಳೆಯರಲ್ಲಿ ಇಬ್ಬರನ್ನು ಊರಿಗೆ ಕರೆದುಕೊಂಡು ಹೋಗಿ. ಗುಮಟೆ ವಾದ್ಯದ ಪೆಟ್ಟಿಗೆ ಅವರ ಕಾಲು ತಾನಾಗಿ ಆಡಿದರೆ ನೀವು ಬೇರೇನೂ ಹೇಳಬೇಕಾಗಿಲ್ಲ; ಆಡದಿದ್ದರೂ ಊಟ ಹಾಕಿ ಕಳುಹಿಸಿ.

ಪ್ರಶ್ನೆ: ನಾನು ದೇವರನ್ನು ನಂಬುವುದಿಲ್ಲ, ಇದನ್ನು ಗೆಳೆಯರೊಡನೆ ಬಹಿರಂಗವಾಗಿಯೇ ಚರ್ಚಿಸುತ್ತೇನೆ. ಶಿರಸಿ ಜಾತ್ರೆಯಲ್ಲಿ ಮಾರಿಕಾಂಬೆಗೆ ಉಡಿ ತುಂಬಲು ನನ್ನ ಜೊತೆಗೆ ಬಾ ಎಂದು ಎಪ್ಪತ್ತು ದಾಟಿದ ಆಯಿ ಕರೆಯುತ್ತಾಳೆ. ಹೋದರೆ ಗೆಳೆಯರು ಆಡಿಕೊಳ್ಳುತ್ತಾರೆ, ಹೋಗದಿದ್ದರೆ ಆಯಿ ಅಳುತ್ತಾಳೆ.

ಉತ್ತರ: ಹೋಗಿ. ಸಂವಿಧಾನದ 25ನೇ ವಿಧಿ ಕೊಟ್ಟ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಿಮಗೂ ಇದೆ, ಆಯಿಗೂ ಇದೆ; ಜನಸಂದಣಿಯಲ್ಲಿ ಅವಳ ಕೈ ಹಿಡಿದುಕೊಂಡ ಮಾತ್ರಕ್ಕೆ ನಿಮ್ಮ ಸ್ವಾತಂತ್ರ್ಯಕ್ಕೆ ಚ್ಯುತಿ ಬರುವುದಿಲ್ಲ. ಗದ್ದುಗೆಯ ಎದುರು ನೀವು ಕೈ ಮುಗಿಯದಿದ್ದರೆ ಅವಳು ಬೇಸರಪಟ್ಟಾಳು, ಮುಗಿದಂತೆ ನಟಿಸಿದರೆ ಅದು ಅವಳಿಗೆ ಗೊತ್ತಾಗದೆ ಇರುವುದಿಲ್ಲ, ಆದ್ದರಿಂದ ಸುಮ್ಮನೆ ನಿಂತಿರಿ. ಆಡಿಕೊಳ್ಳುವ ಗೆಳೆಯರಿಗೆ ಉತ್ತರ ಬರೆಯುತ್ತ ಕೂರುವುದಕ್ಕೆ ಆ ದಿನ ನಿಮಗೆ ಪುರುಸೊತ್ತೂ ಇರುವುದಿಲ್ಲ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವಂಥದ್ದಾದ್ದರಿಂದ ಸಂಜೆಯ ಹೊತ್ತಿಗೆ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಯಿಯ ಮೊಣಕಾಲಿನ ನೋವಿನ ವಿಷಯವನ್ನೂ ನೀವೇ ಬರೆದಿದ್ದೀರಿ. ರಥೋತ್ಸವದ ದಿನವನ್ನು ಬಿಟ್ಟು, ವಾರದ ನಡುವಿನ ಒಂದು ದಿನ ಬೆಳಗಾಗುವ ಮೊದಲೇ ಹೊರಟು ಸಾಲಿನಲ್ಲಿ ನಿಲ್ಲಿ, ಕೂರಲು ಒಂದು ಮಡಚುವ ಸ್ಟೂಲನ್ನೂ ನೀರನ್ನೂ ಒಯ್ಯಿರಿ.