ಔಟಾದವರು ಕೂರದ ಆಟ

ಓದುಗರ ಪತ್ರ: ಮಂಡ್ಯದ ನಮ್ಮ ಬಡಾವಣೆಯಲ್ಲಿ ಸಂಜೆ ಸೇರುವ 22 ಜನರ ಗುಂಪಿದೆ. 41ರಿಂದ 72 ವರ್ಷದವರೆಗಿನ ಗಂಡಸರು, ಹೆಂಗಸರು ಇದ್ದೇವೆ. ಐದು ಜನಕ್ಕೆ ಸಕ್ಕರೆ ಕಾಯಿಲೆ, ಹಲವರಿಗೆ ಬಿಪಿ. ವಾಕಿಂಗ್ ಬೇಸರವಾಗಿ ಪಕ್ಕದ 40–60ರ ಖಾಲಿ ಸಿ.ಎ. ಸೈಟಿನಲ್ಲಿ (ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ) ಖೊ ಖೊ, ಲಗೋರಿ ಶುರುಮಾಡಿದೆವು. ಎರಡನೇ ವಾರ ಒಬ್ಬರ ಕಾಲು ಉಳುಕಿತು. ಮೂರನೇ ವಾರಕ್ಕೆ ಒಂಬತ್ತು ಜನ ಉಳಿದೆವು. ಈ ವಯಸ್ಸಿಗೆ ಆಟ ಬೇಡ ಅನ್ನುತ್ತಾರೆ ಮನೆಯವರು. ಆಡಬಹುದಾದರೆ ಏನು ಆಡಬೇಕು, ಹೇಗೆ ಆಡಬೇಕು? ಮಂಡಿ ಆಪರೇಷನ್ ಮಾಡಿಸಿಕೊಂಡು ಕೃತಕ ಕೀಲು ಹಾಕಿಸಿಕೊಂಡಿರುವ ಅಜ್ಜಿಯೊಬ್ಬರು ನಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರಿಗೇನು ಹೇಳಲಿ?
— ನಿವೃತ್ತ ಮೇಷ್ಟ್ರೊಬ್ಬರು, ಮಂಡ್ಯ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ಆಟ ಬಿಡಬೇಡಿ, ನಿಯಮ ಬದಲಿಸಿ. ಕಾಲು ಉಳುಕಿದ್ದು ಒಬ್ಬರಿಗೆ, ಬಿಟ್ಟು ಹೋದವರು ಹದಿಮೂರು ಜನ. ಮಿಕ್ಕ ಹನ್ನೆರಡು ಜನ ಯಾಕೆ ಹೋದರು ಅನ್ನುವುದನ್ನು ಮೊದಲು ನೋಡೋಣ.

ನಾವೆಲ್ಲ ಶಾಲೆಯಲ್ಲಿ ಕಲಿತ ಆಟಗಳಲ್ಲಿ ಹೆಚ್ಚಿನವು ಜನರನ್ನು ಹೊರಗೆ ಕಳಿಸುವ ಆಟಗಳು. ಸಂಗೀತ ಕುರ್ಚಿಯನ್ನೇ ನೋಡಿ. ರಾಜ್ಯೋತ್ಸವಕ್ಕೂ ಗಣೇಶನ ಹಬ್ಬಕ್ಕೂ ಆಡಿಸುತ್ತೇವೆ. ಮೊದಲ ಸುತ್ತಿನಲ್ಲೇ ಔಟಾಗುವವರು ಯಾರು? ದಪ್ಪಗಿರುವವರು, ಮಂಡಿನೋವಿನವರು, ನಿಧಾನದವರು. ಓಡಾಟ ಬೇಕಾಗಿರುವುದೇ ಅವರಿಗೆ, ಹೋಗಿ ಕೂರುವವರೂ ಅವರೇ. ಕೊನೆಯವರೆಗೆ ಓಡುವವರು ಮೊದಲೇ ಗಟ್ಟಿಮುಟ್ಟಾಗಿರುವ ಇಬ್ಬರು. ಲಗೋರಿಯಲ್ಲೂ ಖೊ ಖೊದಲ್ಲೂ ನಡೆಯುವುದು ಇದೇ. ದಿನಾ ಬಂದು ಐದು ನಿಮಿಷ ಓಡಿ ಇಪ್ಪತ್ತೈದು ನಿಮಿಷ ಕಟ್ಟೆ ಮೇಲೆ ಕೂರುವವರು ಎಷ್ಟು ದಿನ ಬಂದಾರು? ಇದರ ಜೊತೆಗೆ ಇಬ್ಬರು ಕ್ಯಾಪ್ಟನ್‌ಗಳು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಬೇರೆ. ಕೊನೆಗೆ ಉಳಿದವರ ಮುಖವನ್ನು ಯಾರೂ ನೋಡಿರುವುದಿಲ್ಲ. ನಾಳೆಯಿಂದಲೇ ಒಂದು–ಎರಡು, ಒಂದು–ಎರಡು ಎಂದು ಎಣಿಸಿ ತಂಡ ಮಾಡಿ.

ನಿಮ್ಮ ಗುಂಪಿಗೆ ಇರಬೇಕಾದ ಮುಖ್ಯ ನಿಯಮ ಇಷ್ಟು: ಔಟಾದವರು ಕೂರುವಂತಿಲ್ಲ. ಔಟಾದರೆ ಜಾಗ ಬದಲಾಗಲಿ, ಕೆಲಸ ಬದಲಾಗಲಿ, ಅಂಕಣದಿಂದ ಹೊರಗೆ ಹೋಗುವುದು ಬೇಡ.

ಇನ್ನು ಖೊ ಖೊ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ನಮ್ಮ ಸೀಮೆಯಲ್ಲಿ ಈ ಆಟದ ಮೇಲೆ ಆಸೆ ಹುಟ್ಟುವುದು ಸಹಜವೇ. ಆದರೆ ಐವತ್ತು ದಾಟಿದ ಕಾಲಿಗೆ ಇದರಲ್ಲಿ ಎರಡು ಅಪಾಯದ ಜಾಗಗಳಿವೆ. ಒಂದು ಕಂಬ. ಅಟ್ಟಿಸಿಕೊಂಡು ಹೋಗುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ, ಆಚೆ ಬದಿಗೆ ಬರಬೇಕಾದರೆ ಕಂಬ ಸುತ್ತಿಯೇ ಬರಬೇಕು. ಓಡುವ ವೇಗದಲ್ಲೇ ಕಂಬ ಹಿಡಿದು ತಿರುಗಿದಾಗ ಮೈಭಾರವೆಲ್ಲ ಒಂದು ಪಾದದ ಹೊರ ಅಂಚಿನ ಮೇಲೆ ಬೀಳುತ್ತದೆ, ಗಿಣ್ಣು ಒಳಕ್ಕೆ ಮಡಚುತ್ತದೆ. ಇನ್ನೊಂದು ಅಪಾಯ ಕುಕ್ಕರಗಾಲಿನಲ್ಲಿ ಕೂತವರು ಖೊ ಎಂದೊಡನೆ ಚಿಮ್ಮುವುದು. ಮೀನಖಂಡವೋ ತೊಡೆಯ ಹಿಂದಿನ ಸ್ನಾಯುವೋ ಹರಿಯುವುದು ಆ ಮೊದಲ ಎರಡು ಹೆಜ್ಜೆಯಲ್ಲಿ.

ಇವೆರಡನ್ನೂ ತೆಗೆದುಹಾಕಿ ಆಡಬಹುದು. ಎಂಟು ಕುರ್ಚಿಗಳನ್ನು ಮಾರಿಗೊಂದರಂತೆ ಸಾಲಾಗಿ ಹಾಕಿ, ಒಂದು ಈ ಕಡೆಗೆ ಮುಖ, ಒಂದು ಆ ಕಡೆಗೆ. ಓಡುವ ಹಾಗಿಲ್ಲ, ಬಿರುಸಾಗಿ ನಡೆಯಬೇಕು, ಹಿಮ್ಮಡಿ ನೆಲ ಮುಟ್ಟಲೇಬೇಕು. ತುದಿಯಲ್ಲಿ ಕಂಬದ ಬದಲು ಒಂದು ಮಾರು ಅಗಲದ ವೃತ್ತ ಬರೆದು ಅದನ್ನು ಬಳಸಿ ಬರಲಿ. ಖೊ ಕೊಡುವುದು ಹೆಗಲು ಮುಟ್ಟಿ. ಸಿಕ್ಕಿಬಿದ್ದವರು ಹೊರಗೆ ಹೋಗದೆ ಕುರ್ಚಿಯಲ್ಲಿ ಇದ್ದವರೊಬ್ಬರ ಜೊತೆ ಜಾಗ ಬದಲಾಯಿಸಿಕೊಳ್ಳಲಿ. ಹತ್ತು ನಿಮಿಷ ಆಡಿದರೆ ಒಬ್ಬೊಬ್ಬರೂ ಹಲವು ಬಾರಿ ಕೈ ಊರದೆ ಎದ್ದಿರುತ್ತಾರೆ. ತೊಡೆಯ ಬಲಕ್ಕೆ ಕುರ್ಚಿಯಿಂದ ಏಳುವುದಕ್ಕಿಂತ ಸುಲಭದ ಕಸರತ್ತಿಲ್ಲ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕಬ್ಬಿಣದ ಕುರ್ಚಿಯೇ ಆಗಲಿ, ಅದೂ ಮಣ್ಣಿನ ನೆಲದ ಮೇಲೆ.

ಲಗೋರಿಯಲ್ಲಿ ಕೆಡುವುದು ಬೇರೆ ಕಡೆ. ಕಲ್ಲು ಜೋಡಿಸಲು ಪದೇ ಪದೇ ಬಗ್ಗಿ ಏಳುವಾಗ ಸೊಂಟ ಹಿಡಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತುತ್ತದೆ. ಬರುವ ಚೆಂಡನ್ನು ನೋಡುತ್ತಾ ಹಿಂದಕ್ಕೆ ಸರಿಯುವವರು ಎಡವಿ ಬೀಳುತ್ತಾರೆ, ಕೈ ಊರಿದರೆ ಮಣಿಕಟ್ಟು, ಪಕ್ಕಕ್ಕೆ ಬಿದ್ದರೆ ಸೊಂಟದ ಮೂಳೆ. ಹಿಂದಕ್ಕೆ ನಡೆಯುವುದನ್ನು ನಿಮ್ಮ ಎಲ್ಲ ಆಟಗಳಲ್ಲೂ ನಿಷೇಧಿಸಿ. ತಲೆಯ ಮೇಲೆ ಹೋದ ಚೆಂಡು ಹೋಯಿತು, ಅದಕ್ಕೆ ಅಂಕವಿಲ್ಲ. ನಮ್ಮನ್ನು ಕೇಳಿದರೆ ಬೇರೆಲ್ಲ ಮರೆತರೂ ಈ ಒಂದನ್ನು ಮರೆಯಬಾರದು.

ಕಲ್ಲಿನ ಬದಲು ಬಡಗಿ ಹತ್ತಿರ ಪ್ಲೈವುಡ್ ಚೂರು ಕೇಳಿ ಏಳು ಚೌಕ ಕೊಯ್ಯಿಸಿ. ಕೆಳಗಿನದು 6 ಇಂಚು, ಆಮೇಲೆ ಅರ್ಧರ್ಧ ಇಂಚು ಕಡಿಮೆ, ಮೇಲಿನದು 3 ಇಂಚು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿಸಿ. ಇದನ್ನು ಒಂದೂವರೆ ಅಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲೆ ಜೋಡಿಸಿದರೆ ಬಗ್ಗುವುದು ಅರ್ಧಕ್ಕರ್ಧ ತಪ್ಪುತ್ತದೆ, ಪಾದದ ಮೇಲೆ ಬಿದ್ದರೂ ಪೆಟ್ಟಿಲ್ಲ. ಹೊಡೆಯುವವರು 15 ಅಡಿ ದೂರ ನಿಲ್ಲಲಿ. ಟೆನಿಸ್ ಚೆಂಡು ಕಣ್ಣಿಗೆ ಅಪಾಯ. ಹಳೇ ಹತ್ತಿ ಸೀರೆಯನ್ನು ಉಂಡೆ ಸುತ್ತಿ ಕಿತ್ತಳೆ ಗಾತ್ರದ ಬಟ್ಟೆ ಚೆಂಡು ಹೊಲಿದುಕೊಳ್ಳಿ, ಸೊಂಟದ ಕೆಳಗೆ ತಾಗಿದರೆ ಮಾತ್ರ ಲೆಕ್ಕ. ಚೆಂಡು ತಾಗಿದವರು ಸೈಟಿನ ಮೂಲೆಯ ಗುರುತು ಮುಟ್ಟಿ ಬಂದು ಮತ್ತೆ ಜೋಡಿಸಲು ಸೇರಿಕೊಳ್ಳಲಿ. ಹೆಚ್ಚು ಏಟು ತಿಂದವರು ಹೆಚ್ಚು ನಡೆದಿರುತ್ತಾರೆ.

ಥ್ರೋಬಾಲ್ ಬಗ್ಗೆ ನೀವು ಬರೆದಿಲ್ಲ, ಆದರೆ ನಿಮ್ಮ ಸೈಟಿಗೂ ಅದಕ್ಕೂ ನಂಟಿದೆ. ಥ್ರೋಬಾಲ್ ಅಂಕಣದ ಅಳತೆ 18.30 ಮೀಟರ್ ಉದ್ದ, 12.20 ಮೀಟರ್ ಅಗಲ. ಅಡಿಯಲ್ಲಿ ಹೇಳಿದರೆ ಸರಿಯಾಗಿ 60ಕ್ಕೆ 40. ಹಾಗೆಂದು ಪೂರ್ತಿ ಸೈಟಿಗೇ ಗೆರೆ ಹಾಕಬೇಡಿ, ಚೆಂಡಿನ ಹಿಂದೆ ಹೋದವರು ಕಾಂಪೌಂಡಿಗೆ ಹೊಡೆಸಿಕೊಳ್ಳುತ್ತಾರೆ. ಸುತ್ತಲೂ 5 ಅಡಿ ಬಿಟ್ಟು 50ಕ್ಕೆ 30 ಸಾಕು. ಬಲೆಯ ಎತ್ತರ ಪಂದ್ಯದಲ್ಲಿ 2.2 ಮೀಟರ್, ನೀವು 6 ಅಡಿಗೆ ಹಗ್ಗ ಕಟ್ಟಿ ಬಟ್ಟೆ ಚೂರು ಇಳಿಬಿಡಿ. ಪಂದ್ಯದಲ್ಲಿ ಎರಡೂ ಕೈಯಲ್ಲಿ ಹಿಡಿದು, 3 ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಹೆಗಲ ಮೇಲಿಂದ ಎಸೆಯಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಗಲು ಬಿಗಿದುಕೊಳ್ಳುವುದು ಹೆಚ್ಚು, ಅಂಥವರು ಕೆಳಗಿನಿಂದ ಎಸೆಯಲಿ. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗುವಷ್ಟು ಚೆಂಡಿನ ಗಾಳಿ ಬಿಟ್ಟರೆ ಬೆರಳು ಉಳುಕುವುದು ಕಡಿಮೆ. ಬೆರಳ ತುದಿ ಚೆಂಡಿನ ಕಡೆ ಚಾಚಬಾರದು, ಅಂಗೈ ತೆರೆದು, ಮೊಣಕೈ ಮಡಚಿ, ಎದೆಗೆ ತಂದುಕೊಳ್ಳಬೇಕು.

ಅಂಕ ಎಣಿಸುವ ಬಗೆಯನ್ನೂ ಬದಲಿಸಿ. ಎರಡೂ ತಂಡ ಸೇರಿ ಚೆಂಡು ಬೀಳದ ಹಾಗೆ ಎಷ್ಟು ಬಾರಿ ದಾಟಿಸಿದಿರಿ ಎಂದು ಲೆಕ್ಕ ಇಡಿ. ಮೊದಲ ವಾರ 20 ಮುಟ್ಟುವುದೇ ಕಷ್ಟ. ಒಂದು ಕಡೆ ಮೂರು ಜನರ ಕೈಗೆ ಚೆಂಡು ಹೋಗದೆ ಬಲೆ ದಾಟುವಂತಿಲ್ಲ ಎಂದರೆ ಚುರುಕಿನ ಇಬ್ಬರೇ ಆಡಿ ಮುಗಿಸುವುದು ನಿಲ್ಲುತ್ತದೆ. ಎದುರಾಳಿಗೆ ಸಿಗದ ಹಾಗೆ ಎಸೆಯುತ್ತಿದ್ದವರು ಸಿಗುವ ಹಾಗೆ ಎಸೆಯಲು ಕಲಿಯುತ್ತಾರೆ. ಪಂದ್ಯದ ಬಿಸಿ ಬೇಕೆನ್ನುವ ನಲವತ್ತರವರಿಗೆ ಕೊನೆಯ ಹತ್ತು ನಿಮಿಷ ಬಿಟ್ಟುಕೊಡಿ.

ರಿಂಗ್ ಆಟ, ಅಂದರೆ ಟೆನ್ನಿಕಾಯ್ಟ್, ಮಂಡಿಗೆ ಇನ್ನೂ ಮೃದು. ಒಂದೇ ಕೈಯಲ್ಲಿ ಹಿಡಿದು ಅದೇ ಕೈಯಲ್ಲಿ ಎಸೆಯುವುದು. ಒಂದು ವಾರ ಎಡಗೈಯಲ್ಲೇ ಆಡಿ ನೋಡಿ, ಚುರುಕಿನವರೂ ನಿಧಾನದವರೂ ಒಂದೇ ಮಟ್ಟಕ್ಕೆ ಬರುತ್ತಾರೆ.

ಮಂಡ್ಯದಲ್ಲಿ ಕುಳಿತು ಕೋಲಾಟ ಮರೆಯುವುದುಂಟೇ? ಬಿಪಿಯವರಿಗೂ ಸಕ್ಕರೆಯವರಿಗೂ ನಾವು ಮೊದಲು ಹೇಳುವುದು ಇದನ್ನೇ. ಒಂದೂವರೆ ಅಡಿ ಉದ್ದದ ಕೋಲು ತಲಾ ಎರಡು. ಎಂಟು ಜೋಡಿ ಎದುರುಬದುರಾಗಿ ಎರಡು ಸುತ್ತು ನಿಲ್ಲಲಿ, ಒಳಸುತ್ತು ಒಂದು ದಿಕ್ಕಿಗೆ, ಹೊರಸುತ್ತು ಇನ್ನೊಂದು ದಿಕ್ಕಿಗೆ. ನಾಲ್ಕು ಪೆಟ್ಟು: ತನ್ನದಕ್ಕೆ ತಾನು, ಎದುರಿನವರ ಬಲಕ್ಕೆ, ಎಡಕ್ಕೆ, ಮತ್ತೆ ತನ್ನದಕ್ಕೆ ತಾನು ಹೊಡೆಯುತ್ತಾ ಒಂದು ಹೆಜ್ಜೆ ಸರಿದು ಮುಂದಿನ ಜೋಡಿ. ಮೊದಲ ನಾಲ್ಕು ದಿನ ಸರಿಯದೆ ನಿಂತಲ್ಲೇ ಕೈ ಕೂಡಿಸಿ. ಕೋಲನ್ನು ಬುಡದಿಂದ ನಾಲ್ಕು ಬೆರಳು ಮೇಲೆ ಹಿಡಿದು ತುದಿಯ ಭಾಗದಲ್ಲೇ ತಾಗಿಸಬೇಕು. ನಡುವೆ ತಾಗಿಸಿದರೆ ಎದುರಿನವರ ಹೆಬ್ಬೆರಳಿಗೆ ಬೀಳುತ್ತದೆ. ಕೋಲಾಟ ಕೆಡುವುದು ವೇಗದಿಂದ. ಪದ ಏರುತ್ತಾ ಹೋದಂತೆ ಗೊತ್ತಿಲ್ಲದೆ ಕಾಲೂ ಏರುತ್ತದೆ. ಒಬ್ಬರು ಪದ ಹೇಳಿ ಮಿಕ್ಕವರು ಸೊಲ್ಲು ಹಿಡಿಯುವುದು ವಾಡಿಕೆಯಲ್ಲವೇ? ಅಳತೆಗೋಲು ಅಲ್ಲೇ ಇದೆ. ಸೊಲ್ಲು ಹಿಡಿಯಲು ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಯಿತು. ಸ್ವಲ್ಪವೂ ಏದುಸಿರಿಲ್ಲದೆ ಹಾಡಬಲ್ಲಿರಾದರೆ ಇನ್ನೊಂದಿಷ್ಟು ಏರಿಸಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಬಡಿತ ಅಷ್ಟಾಗಿ ಏರುವುದಿಲ್ಲ. ಅವರಿಗೆ ಕೈಗಡಿಯಾರದ ಲೆಕ್ಕಕ್ಕಿಂತ ಸೊಲ್ಲಿನ ಲೆಕ್ಕವೇ ನಂಬಿಕೆಯದು.

ಕೆರೆ–ದಡ ಮೈ ಬಿಸಿ ಮಾಡಿಕೊಳ್ಳಲು ಚೆನ್ನ. ಗೆರೆ ಎಳೆದು, ಕೆರೆ ಎಂದಾಗ ಮುಂದಕ್ಕೆ, ದಡ ಎಂದಾಗ ಹಿಂದಿರುಗಿ. ನೆಗೆಯುವುದು ಬೇಡ, ಗೆರೆಗೆ ಅಡ್ಡಲಾಗಿ ನಿಂತು ಪಕ್ಕಕ್ಕೆ ಹೆಜ್ಜೆ ಇಟ್ಟರೆ ಸಾಕು, ಹಿಂದಕ್ಕೆ ನಡೆಯುವ ಅಪಾಯವೂ ತಪ್ಪುತ್ತದೆ. ತಪ್ಪಿದವರು ಮುಂದಿನ ಸುತ್ತು ಕೂಗುವವರಾಗಲಿ.

ಕಬಡ್ಡಿಯೂ ಹಗ್ಗಜಗ್ಗಾಟವೂ ಬೇಡ. ಉಸಿರು ಬಿಗಿಹಿಡಿದು ಜಗ್ಗುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಂಡು ಬೆರಳು ಕಳೆದುಕೊಂಡವರೂ ಇದ್ದಾರೆ. ಹಬ್ಬದ ದಿನ ಹುಡುಗರು ಆಡುವಾಗಲೂ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲದ ಕಸರತ್ತು, 65 ದಾಟಿದವರಿಗೆ ಮೂರು ದಿನವಾದರೂ ಸಮತೋಲನದ ಅಭ್ಯಾಸ. ವಾರಕ್ಕೆ ನಾಲ್ಕು ಸಂಜೆ 45 ನಿಮಿಷ ಸೇರಿ. ಮೊದಲ ಹತ್ತು ನಿಮಿಷ ನಡಿಗೆ ಮತ್ತು ಕೆರೆ–ದಡ, ನಡುವೆ ಅರ್ಧ ಗಂಟೆ ಆಟ, ಕೊನೆಯ ಐದು ನಿಮಿಷ ನಿಧಾನ ನಡಿಗೆ. ಕೊನೆಯದನ್ನು ಬಿಡಬೇಡಿ. ಓಡಾಡಿ ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ. ಎರಡು ದಿನ ಕುರ್ಚಿ ಖೊ ಖೊ, ಮಿಕ್ಕ ದಿನ ಕೋಲಾಟ, ರಿಂಗ್, ಥ್ರೋಬಾಲ್ ನಿಮ್ಮಿಷ್ಟ.

ಸೈಟಿನ ಮಾತು. ಪಾರ್ಥೇನಿಯಂ ಬೆಳೆದಿದ್ದರೆ ಹೂ ಬಿಡುವ ಮೊದಲೇ ಕೈಗವಸು ಹಾಕಿ ಬೇರುಸಹಿತ ಕಿತ್ತು ಹಾಕಿ, ಉಬ್ಬಸದವರಿಗೆ ಅದು ಶತ್ರು. ಗೆರೆಗೆ ಸುಣ್ಣ ಬೇಡ, ಕಣ್ಣಿಗೆ ಹಾರಿದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಹವಾಯಿ ಚಪ್ಪಲಿಯಲ್ಲಿ ಯಾರೂ ಆಡಬಾರದು. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಂತೂ ಬೇಡವೇ ಬೇಡ, ಆಟ ಮುಗಿದ ಮೇಲೆ ಅಂಗಾಲು ನೋಡಿಕೊಳ್ಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಧ್ಯಾಹ್ನ ಒಂದೂವರೆಗೆ ಉಂಡು ಸಂಜೆ ಐದೂವರೆಗೆ ಬರಿಹೊಟ್ಟೆಯಲ್ಲಿ ಬರಬಾರದು, ನಾಲ್ಕೂವರೆಗೆ ಒಂದು ಬಾಳೆಹಣ್ಣಾದರೂ ತಿಂದಿರಲಿ. ಕೈ ನಡುಗಿ ಬೆವರಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಕಾದು ನೋಡಿ, ಕಡಿಮೆಯಾಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು ಕಂಡರೂ 108ಕ್ಕೇ, ಗ್ಯಾಸ್ ಇರಬಹುದು ಎಂದು ಕಾಯಬೇಡಿ.

ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವ ಆತುರ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಕ್ರೇಪ್ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಆ ಕಾಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯ ಹಿಂಬದಿಯನ್ನು ಒತ್ತಿದಾಗ ನೋವಾದರೆ, ನಾಟಿ ಪಟ್ಟು ಹಾಕಿಸುವ ಮುಂಚೆ ಎಕ್ಸ್‌ರೇ ತೆಗೆಸಿ. ನಿಮ್ಮ ಜೊತೆಗಾರರು ನೋವಿಲ್ಲದೆ ಉಳುಕಿದ ಕಾಲೊಂದರ ಮೇಲೆ ಅರ್ಧ ನಿಮಿಷ ನಿಲ್ಲಬಲ್ಲರಾದಾಗ ಆಟಕ್ಕೆ ಕರೆದುಕೊಳ್ಳಿ.

ಮಳೆ ಹಿಡಿದ ದಿನ ಒಳಗೆ ಚೌಕಾಬಾರ ಆಡಿ. ಮಣೆಯಾಟಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರಿಗಿದ್ದ ಒಲವು ಮೈಸೂರು ಸೀಮೆಗೆಲ್ಲ ಗೊತ್ತಿರುವುದೇ. ಇದನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸುವುದು ಬೇಡ, ಗುಂಪು ಚದುರದಂತೆ ಹಿಡಿದಿಡಲು ಇದು ಬೇಕು.

ಇನ್ನು ಆ ಅಜ್ಜಿ. ಅವರು ಬರಲಿ ಮೇಷ್ಟ್ರೇ. ಮೊದಲು ಆಪರೇಷನ್ ಮಾಡಿದ ವೈದ್ಯರನ್ನು ಒಂದು ಮಾತು ಕೇಳಿ ಬರಲಿ. ನೆಗೆತ, ಓಟ, ಪಾದ ಊರಿಕೊಂಡೇ ಮೈ ತಿರುಚುವುದು, ಕುಕ್ಕರಗಾಲು ಇವಿಷ್ಟು ಅವರಿಗಿಲ್ಲ. ಕೋಲಾಟದಲ್ಲಿ ಅವರೊಬ್ಬರು ಸುತ್ತಿನಲ್ಲಿ ಸರಿಯದೆ ನಿಂತಿರಲಿ, ಮಿಕ್ಕವರು ಒಬ್ಬೊಬ್ಬರಾಗಿ ಅವರ ಎದುರಿಗೆ ಬಂದು ಕೋಲು ತಾಗಿಸಿ ಹೋಗಲಿ. ಹಿಂದೆ ಒಂದು ಕುರ್ಚಿ ಇರಲಿ. ಚೌಕಾಬಾರವನ್ನು ನೆಲದ ಮೇಲೆ ಬರೆಯಬೇಡಿ, ಮೇಜಿನ ಮೇಲೆ ಬರೆಯಿರಿ. ಪದ ಬರುವುದಾದರೆ ಸೊಲ್ಲು ಎತ್ತುವ ಕೆಲಸವನ್ನೂ ಅವರಿಗೇ ಕೊಡಿ.