ಗಲ್ಲಾ ಒಂದೇ, ಬ್ರಾಂಚು ನಾಲ್ಕು

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪ ಮೂವತ್ತು ವರ್ಷ ಒಂದೇ ಹೋಟೆಲು ನಡೆಸಿದರು. ನಾನು ಎರಡು ವರ್ಷದಲ್ಲಿ ಸಾಲ ಮಾಡಿ ಇನ್ನೂ ಮೂರು ತೆರೆದೆ. ಹಿಟ್ಟು, ಸಾಂಬಾರು ಎಲ್ಲ ಹಳೆ ಹೋಟೆಲಿಂದಲೇ ಗಾಡಿಯಲ್ಲಿ ಹೋಗುತ್ತಿತ್ತು. ಈಗ ಮೂರಕ್ಕೂ ಬೀಗ. ಹಳೆಯದು ಮಾತ್ರ ನಡೆಯುತ್ತಿದೆ. ತಮ್ಮ ಹೈವೇಯಲ್ಲಿ ಇನ್ನೊಂದು ಹಾಕೋಣ ಅಂತಿದ್ದಾನೆ. ನಿಮ್ಮಂಥವರು ಯಾವಾಗಲೂ ಇದ್ದುದರಲ್ಲೇ ತೃಪ್ತಿಪಡಿ ಅಂತ ಬರೆಯುತ್ತೀರಿ. ಕನ್ನಡಿಗರು ಬೆಳೆಯುವುದೇ ಬೇಡವಾ?"

ಬೆಳೆಯಬೇಡಿ ಅಂತ ಯಾರು ಹೇಳಿದರು ಸ್ವಾಮಿ? ಕರಾವಳಿಯ ಹುಡುಗರು ಬರಿಗೈಲಿ ಮುಂಬೈ, ಮದ್ರಾಸಿಗೆ ಹೋಗಿ ಲೋಟ ತೊಳೆದು ಹೋಟೆಲು ಕಟ್ಟಿದವರು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಶುರು ಮಾಡಿ ಎಲ್ಲಿಗೆ ಮುಟ್ಟಿದರು ಅನ್ನೋದು ಗೊತ್ತೇ ಇದೆ. ಅವರಿಗೆಲ್ಲ ಕೈ ಮುಗಿಯೋಣ. ಆ ಮಾತು ಅಲ್ಲಿಗೆ ಬಿಡೋಣ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗಾಡಿ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಏಪ್ರಿಲ್ ಬಿಸಿಲಿನಲ್ಲಿ ಡ್ರಮ್ಮಿನಲ್ಲಿ ಕುಲುಕಿಕೊಂಡು ಹೋದ ಹಿಟ್ಟು ಸುಮ್ಮನಿರುತ್ತಾ? ದಾರಿಯುದ್ದಕ್ಕೂ ಹುದುಗುತ್ತಲೇ ಇರುತ್ತದೆ. ಹತ್ತು ಗಂಟೆಗೆಲ್ಲ ಹುಳಿ. ಭಟ್ಟರು ಹುಳಿ ಮುರಿಯಲು ಚಿಟಿಕೆ ಸೋಡಾ ಹಾಕುತ್ತಾರೆ, ದೋಸೆ ಬಣ್ಣ ಕೆಡುತ್ತದೆ, ಗಿರಾಕಿ ಏನೂ ಹೇಳದೆ ಬಿಲ್ ಕೊಟ್ಟು ಹೋಗುತ್ತಾನೆ. ಮತ್ತೆ ಬರಲ್ಲ. ಹಳೆ ಹೋಟೆಲಲ್ಲಿ ಅಪ್ಪ ಗಲ್ಲಾದಲ್ಲಿ ಕೂತೇ ಎಂಜಲು ತಟ್ಟೆ ನೋಡುತ್ತಿದ್ದರಲ್ವಾ? ಅರ್ಧ ಬಿಟ್ಟ ದೋಸೆ ಕಂಡರೆ ಎದ್ದು ಒಳಗೆ ಹೋಗುತ್ತಿದ್ದರು. ಹೊಸ ಮೂರು ಕಡೆ ಆ ತಟ್ಟೆ ನೋಡಿದವನು ಕ್ಲೀನರ್ ಹುಡುಗ ಒಬ್ಬನೇ. ಅವನನ್ನು ಯಾರೂ ಕೇಳಲಿಲ್ಲ.

ಬೆಂಗಳೂರಿನ ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್ ಕಥೆ ನೋಡಿ. 1924ರಲ್ಲಿ ಶುರುವಾದದ್ದು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ದರ ಕಟ್ಟಿತು, ಆ ದರಕ್ಕೆ ಆ ರುಚಿ ಗಿಟ್ಟುತ್ತಿರಲಿಲ್ಲ. ಹೋಟೆಲು ಮುಚ್ಚಿದರೇ ಹೊರತು ತುಪ್ಪ ಕಡಿಮೆ ಮಾಡಲಿಲ್ಲ. ಪುಡಿ, ಮಿಕ್ಸ್ ಮಾರಿದರು. ಪುಡಿ ಪ್ಯಾಕೆಟ್ಟಿನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಕಾವಲಿ ಮೇಲಿನ ದೋಸೆ ಹೋಗಲ್ಲ. ಆ ಪುಡಿ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಬಂದು ಕೊಂಡುಕೊಂಡಿತು. ಆಮೇಲೆ ಮತ್ತೆ ಬಾಗಿಲು ತೆರೆದಿದ್ದ ಹೋಟೆಲು ಮಾತ್ರ ಮನೆಯವರ ಕೈಲೇ ಉಳಿಯಿತು.

ಇನ್ನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಬೆರಳಲ್ಲಿ ಎಣಿಸುವಷ್ಟೇ ತಿಂಡಿ. ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರ್ ಕೇಳಿದರೆ ಇಲ್ಲ. ಹಂಗಂತ ಜನ ಬರೋದು ನಿಂತಿದೆಯಾ? ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಹಾಕುತ್ತದೆ. ವಾರಕ್ಕೊಂದು ದಿನ ಬಾಗಿಲು ಹಾಕುವ ಧೈರ್ಯ ನನಗೆ ನೂರು ಬ್ರಾಂಚಿಗಿಂತ ದೊಡ್ಡದಾಗಿ ಕಾಣುತ್ತದೆ. ನೀವು ನಗಬಹುದು.

ಬೆಳೆಯುವ ಆತುರದಲ್ಲಿ ಓಡಿದವರದ್ದೂ ನೋಡಿ. ಕೆಫೆ ಕಾಫಿ ಡೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುವಾಗಿ ದೇಶದ ತುಂಬ 1,700ಕ್ಕೂ ಜಾಸ್ತಿ ಅಂಗಡಿಗೆ ಮುಟ್ಟಿತು. 2019ರ ಹೊತ್ತಿಗೆ ಅದರ ಕಂಪನಿ ಗುಂಪಿನ ಸಾಲ ಏಳು ಸಾವಿರ ಕೋಟಿ. ಅದೆಲ್ಲ ಕಾಫಿಯ ಸಾಲ ಅಲ್ಲ, ಬೇರೆ ವ್ಯವಹಾರದ್ದೂ ಸೇರಿತ್ತು ಅನ್ನೋದು ನಿಜ. ಆಮೇಲೆ ಸ್ಥಾಪಕ ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆ ಸಾಲ ಇಳಿಸಿದ್ದು ಹೇಗೆ? ಆಸ್ತಿ ಮಾರಿ, ನಷ್ಟದ ಅಂಗಡಿಗಳನ್ನು ಮುಚ್ಚಿ. ಅಂಗಡಿಗಳ ಸಂಖ್ಯೆ ಐನೂರರ ಆಸುಪಾಸಿಗೆ ಬಂತು. ಇಂಗ್ಲೆಂಡಿನಲ್ಲಿ ಟಿವಿಯ ಅಡುಗೆಯವ ಜೇಮಿ ಆಲಿವರ್ 2008ರಲ್ಲಿ ಇಟಾಲಿಯನ್ ಹೋಟೆಲು ಶುರು ಮಾಡಿದ, ಊರೂರಿಗೆ ಹರಡಿದ, ಕೈಯಿಂದ ಕೋಟಿಗಟ್ಟಲೆ ಸುರಿದ. 2019ರ ಮೇ ತಿಂಗಳಲ್ಲಿ ಅವನ ಗುಂಪಿನಲ್ಲಿ ಉಳಿದಿದ್ದ 25 ಹೋಟೆಲುಗಳಲ್ಲಿ 22ಕ್ಕೆ ಬೀಗ, ಸಾವಿರದಷ್ಟು ಜನರ ಕೆಲಸ ಹೋಯಿತು. ಅಷ್ಟು ಹೆಸರಿದ್ದವನಿಗೇ ಹೀಗೆ.

ಸಾಲ ಕೊಟ್ಟ ಬ್ಯಾಂಕಿನವರು ನಿಮಗೆ ಇದನ್ನು ಹೇಳಿದ್ದರಾ? ಮಾಮೂಲಿ ಹೋಟೆಲಿಗೆ ಜಿಎಸ್‌ಟಿ 5%, ಆದರೆ ನೀವು ಗ್ರೈಂಡರಿಗೆ, ಫ್ರಿಜ್ಜಿಗೆ, ಇಂಟೀರಿಯರಿಗೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಹೊಸ ಬ್ರಾಂಚು ಅಂದರೆ ಆ ದುಡ್ಡು ಮತ್ತೆ ಮತ್ತೆ ಹೋದಂತೆಯೇ. ಮೇಲೆ ಕಟ್ಟಡದ ಮಾಲೀಕರಿಗೆ ಹತ್ತು ತಿಂಗಳ ಅಡ್ವಾನ್ಸ್. ಆನ್‌ಲೈನ್ ಆರ್ಡರಿನಲ್ಲಿ ಆಪಿನವರ ಕಮಿಷನ್. ಎಲ್ಲರೂ ತಮ್ಮ ಪಾಲು ಮೊದಲೇ ತಗೊಂಡು ಕೂತಿದ್ದಾರೆ, ನಷ್ಟಕ್ಕೆ ಮಾತ್ರ ನೀವೊಬ್ಬರೇ ಪಾಲುದಾರರು.

ನನಗೆ ಸಿಟ್ಟು ಬರೋದು ನಿಮ್ಮ ಮೇಲಲ್ಲ. ಮೊಬೈಲ್ ತೆಗೆದರೆ ಸಾಕು, ಫ್ರಾಂಚೈಸಿ ತಗೊಳ್ಳಿ, ಮನೇಲಿ ಕೂತು ಲಾಭ ಎಣಿಸಿ ಅಂತ ಜಾಹೀರಾತು. ರಿಬ್ಬನ್ ಕತ್ತರಿಸುವ ದಿನ ಕ್ಯಾಮೆರಾ ಹಿಡಿದವರು ಹತ್ತು ಜನ, ಶಟರ್ ಎಳೆಯುವ ದಿನ ಒಬ್ಬರೂ ಇಲ್ಲ. ನಮ್ಮ ಪತ್ರಿಕೋದ್ಯಮವೂ ಇದರಲ್ಲಿ ಸಾಚಾ ಅಲ್ಲ ಬಿಡಿ. ಮೂವತ್ತು ವರ್ಷ ಒಂದೇ ಹೋಟೆಲು ನಡೆಸಿ, ಮಕ್ಕಳನ್ನು ಓದಿಸಿ, ಭಟ್ಟರಿಗೆ ಒಂದು ತಿಂಗಳೂ ಸಂಬಳ ತಪ್ಪಿಸದವರ ಬಗ್ಗೆ ಮುಖಪುಟ ಲೇಖನ ಎಲ್ಲಾದರೂ ಓದಿದ್ದೀರಾ? ನಿಮ್ಮ ಅಪ್ಪನನ್ನು ನೀವೇ "ಒಂದೇ ಹೋಟೆಲು" ಅಂತ ಬರೆದಿದ್ದೀರಿ. ಆ "ಒಂದೇ" ಈಗ ನಿಮ್ಮ ಮೂರು ಸಾಲದ ಕಂತು ಕಟ್ಟುತ್ತಿದೆ, ನೆನಪಿರಲಿ.

ತಮ್ಮನ ವಿಚಾರಕ್ಕೆ ಬರೋಣ. ಹೈವೇ ಜಾಗದ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಒಂದು ಹಾಳೆ ಕೊಡಿ. ಬೆಳಿಗ್ಗೆ ಐದಕ್ಕೆ ಅಲ್ಲಿ ಗಲ್ಲಾದಲ್ಲಿ ಕೂರುವವರು ಯಾರು ಅಂತ ಹೆಸರು ಬರೆಯಲಿ. ಮ್ಯಾನೇಜರ್ ಇಡ್ತೀವಿ ಅಂದರೆ, ಅವರಿಗೆ ಲಾಭದಲ್ಲಿ ಪಾಲು ಎಷ್ಟು ಅಂತಲೂ ಬರೆಯಲಿ. ಹಿಟ್ಟು ಅಲ್ಲೇ ರುಬ್ಬುವುದಾ, ಗಾಡಿಯಲ್ಲಿ ಬರುವುದಾ ಅನ್ನೋದನ್ನೂ ಬರೆಯಲಿ. ಇದರಲ್ಲಿ ಒಂದು ಸಾಲು ಖಾಲಿ ಉಳಿದರೂ ಅಡ್ವಾನ್ಸ್ ಕೊಡಬೇಡಿ.